ಒಂದರ ತಲೆಗೊಂದು ಟೋಪಿ

ಎಲ್ಲಕ್ಕೂ ಕಾರಣ ಅರ್ಜಿಯ ನಾಲ್ಕನೆಯ ಪ್ರಶ್ನೆ. ‘ಮನೆಯಲ್ಲಿ ವಾಸಿಸುವವರ ಒಟ್ಟು ಸಂಖ್ಯೆ’ ಎಂದಿದ್ದ ಕಡೆ ಮಿಲಿಗ್ರಾಂ ಬಹಳ ಪ್ರಾಮಾಣಿಕವಾಗಿ, ನೀಲಿ ಶಾಯಿಯಲ್ಲಿ, ‘1’ ಎಂದು ಬರೆದಿದ್ದ.

ಮಿಲಿಗ್ರಾಂ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅಂಗಡಿ, ಆಸ್ಪತ್ರೆ, ಗೋದಾಮುಗಳ ತೂಕದ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಉದ್ಯೋಗ. ಹದಿನಾರು ವರ್ಷ ಅದೇ ಕೆಲಸ ಮಾಡಿದವನಿಗೆ ಕಟ್ಟಡದವರು ಬೇರೆ ಯಾವ ಹೆಸರು ತಾನೇ ಇಟ್ಟಾರು? ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಮಂಚ, ಒಂದು ಗೋಡೆ ಗಡಿಯಾರ, ಒಬ್ಬ ಮಿಲಿಗ್ರಾಂ. ಗಡಿಯಾರವೇ ಅವನಿಗಿಂತ ಹೆಚ್ಚು ಮಾತಾಡುತ್ತಿತ್ತು.

ಎರಡು ತಿಂಗಳ ಹಿಂದೆ ಅವನು ಬೀದಿಪಾಲಾದ ನಾಯಿಗಳ ಆಶ್ರಯಧಾಮಕ್ಕೆ ತೂಕದ ಯಂತ್ರ ಪರೀಕ್ಷಿಸಲು ಹೋಗಿದ್ದ. ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ನೋಡಿದ್ದಾಯಿತು. ಆಮೇಲೆ ಅಲ್ಲಿಯ ಮೇಡಂ ಒಂದು ಕಂದು ನಾಯಿಯನ್ನು ಎತ್ತಿ ತಟ್ಟೆಯ ಮೇಲೆ ನಿಲ್ಲಿಸಿದರು. ತಟ್ಟೆಯ ಮೇಲೆ ನಿಂತ ಜೀವಿಗಳನ್ನು ಮಿಲಿಗ್ರಾಂ ಬೇಕಾದಷ್ಟು ಕಂಡಿದ್ದ. ಮನುಷ್ಯರು ಉಸಿರು ಬಿಗಿಹಿಡಿಯುತ್ತಾರೆ, ಮಕ್ಕಳು ಕುಣಿಯುತ್ತವೆ, ಕುರಿಗಳು ಮಾಡಬಾರದ್ದನ್ನು ಮಾಡುತ್ತವೆ. ಈ ನಾಯಿ ಮಾತ್ರ ಹಿತ್ತಾಳೆ ಬಟ್ಟಿನ ಹಾಗೆ ನಿಂತು ಅವನ ಮುಖವನ್ನೇ ನೋಡಿತು. ಹನ್ನೊಂದು ಕಿಲೋ ನಾನೂರು ಗ್ರಾಂ. ಮುಳ್ಳು ಒಂದಿಷ್ಟೂ ಅಲುಗಲಿಲ್ಲ. ಅಲುಗಿದ್ದು ಮಿಲಿಗ್ರಾಮನ ಎದೆ. ಆ ದಿನದಿಂದ ಅವನಿಗೆ ಊಟ ರುಚಿಸಲಿಲ್ಲ, ಕೆಲಸದಲ್ಲಿ ಒಂದು ಸಲ ಮುದ್ರೆಯನ್ನು ತಲೆಕೆಳಗಾಗಿ ಒತ್ತಿದ. ಕೊನೆಗೆ ಧೈರ್ಯ ಮಾಡಿ ನಾಯಿಯನ್ನು ಸಾಕುತ್ತೇನೆಂದು ಕೇಳಿಕೊಂಡ. ಮೇಡಂ ಅಂಚೆಯಲ್ಲಿ ಅರ್ಜಿ ಕಳಿಸಿದರು. ಭಾನುವಾರ ನಾಲ್ಕಕ್ಕೆ ನಾಯಿಯೊಂದಿಗೇ ಬಂದು ಮನೆ ನೋಡುತ್ತೇನೆ, ಸರಿಯೆನಿಸಿದರೆ ಹದಿನೈದು ದಿನದ ಪರೀಕ್ಷೆಗೆ ಬಿಟ್ಟುಹೋಗುತ್ತೇನೆ, ಹೊಂದಿಕೊಂಡರೆ ಕಾಯಂ ಎಂದು ತಿಳಿಸಿದರು.

ಆ ಭಾನುವಾರ ಬೆಳಿಗ್ಗೆ ಅರ್ಜಿ ತುಂಬಿ ಶಾಯಿ ಒಣಗಲು ಇಟ್ಟಿದ್ದಾಗ ಮೇಲಿನ ಮಹಡಿಯ ಫಾರಂ ಮಾವ ಒಳಗೆ ಬಂದರು. ಮೂವತ್ತೈದು ವರ್ಷ ಕಚೇರಿಯಲ್ಲಿ ಅರ್ಜಿ ಸ್ವೀಕರಿಸುವ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಬಿಳಿ ಹಾಳೆಯ ಮೇಲೆ ಚುಕ್ಕೆಗಳ ಸಾಲು ಕಂಡರೆ ಅವರ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗುತ್ತಿತ್ತು.

“ಏನೋ ಇದು, ಒಂದು ಅಂತ ಬರೆದಿದ್ದೀಯ?”

“ಇರೋದು ಒಬ್ಬನೇ ಅಲ್ವಾ ಮಾವ?”

“ಇರೋದನ್ನ ಬರೆಯೋದಕ್ಕೆ ಅರ್ಜಿ ಯಾಕೋ ಬೇಕು? ಅರ್ಜಿ ಅಂದ್ರೆ ಪರೀಕ್ಷೆ. ಚಿಕ್ಕ ಅಂಕಿ ಬರೆದೋನು ಉದ್ಧಾರ ಆಗಿದ್ದನ್ನ ನಾನು ಕಿಟಕಿ ಹಿಂದಿನಿಂದ ಒಂದು ಸಲಾನೂ ನೋಡಿಲ್ಲ. ನೀನು ಹಗಲೆಲ್ಲಾ ಕೆಲಸಕ್ಕೆ ಹೋದ್ರೆ ನಾಯಿ ಜೊತೆ ಯಾರಿರ್ತಾರೆ? ಗಡಿಯಾರಾನಾ?”

ಈ ಮಾತು ಮಿಲಿಗ್ರಾಮನಿಗೆ ನಾಟಿತು. ಅವನು ಯೋಚಿಸುತ್ತಿರುವಾಗಲೇ ಮಾವ ಪೆನ್ನಿನ ಮುಚ್ಚಳ ತೆಗೆದು, ಒಂದರ ತಲೆಯ ಮೇಲೆ ಎಡಕ್ಕೆ ಒಂದು ಸಣ್ಣ ಅಡ್ಡಗೆರೆ ಎಳೆದುಬಿಟ್ಟರು. ಒಂದು ಟೋಪಿ ಹಾಕಿಕೊಂಡು ಏಳಾಯಿತು.

“ಅಯ್ಯೋ ಮಾವ! ಕೆಳಗೆ ಬರೆದಿದೆ ನೋಡಿ, ‘ತಿದ್ದಿದ ಅರ್ಜಿ ತಿರಸ್ಕೃತ’ ಅಂತ!”

“ತಿದ್ದಿಲ್ಲ ಕಣೋ, ಬೆಳೆಸಿದ್ದೀನಿ,” ಎಂದು ಮಾವ ಶಾಯಿಯ ಮೇಲೆ ಊದಿದರು.

ಹಾಳೆಗೆ ಕ್ರಮಸಂಖ್ಯೆ ಇತ್ತು. ಇನ್ನೊಂದು ಸಿಗುವ ಹಾಗಿರಲಿಲ್ಲ. ಟೋಪಿಯನ್ನು ಕೆರೆದು ತೆಗೆದರೆ ಅದು ತಿದ್ದಿದ್ದೇ ಆಗುತ್ತದೆ. ಗಂಟೆ ಹನ್ನೊಂದು. ನಾಲ್ಕರೊಳಗೆ ಮಿಲಿಗ್ರಾಂ ಆರು ಜನ ಬಂಧುಗಳನ್ನು ಹೊಂದಿಸಬೇಕಾಗಿತ್ತು.

“ನಾನು ನಿನ್ನ ಸೋದರಮಾವ,” ಎಂದರು ಫಾರಂ ಮಾವ. “ಇನ್ನು ಐದು. ಪಕ್ಕದ ಮನೇಲಿ ಸರಿಯಾಗಿ ಐದು ಜನ ಇದ್ದಾರಲ್ಲೋ!”

ಪಕ್ಕದ ಮನೆ ದರ್ಜಿಯದು. ಎರಡು ಕೋಣೆ, ಎರಡು ಹೊಲಿಗೆ ಯಂತ್ರ, ಎರಡು ಅವಳಿ ಹೆಣ್ಣುಮಕ್ಕಳು. ನಾಲ್ಕೂ ಒಟ್ಟಿಗೆ ಶುರುವಾದರೆ ಕಿಟಕಿಯ ಗಾಜು ನಡುಗುತ್ತಿತ್ತು. ಇವುಗಳ ನಡುವೆ, ಹೊಲಿಯಲು ಬಂದ ಬಟ್ಟೆಗಳ ಗುಡ್ಡೆಯ ಮೇಲೆ, ದರ್ಜಿಯ ತಾಯಿ ಅಜ್ಜಿ ನಿದ್ದೆ ಬಾರದೆ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದರು. ವಿಷಯ ಕೇಳಿ ದರ್ಜಿ ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಎದ್ದೇಬಿಟ್ಟ.

“ನಾನು ನಿನ್ನ ಅಣ್ಣ, ನನ್ನ ಹೆಂಡತಿ ನಿನ್ನ ಅತ್ತಿಗೆ, ಮುಗೀತು ಬಿಡು. ನಾಯಿಗೆ ಹಾಸಿಗೆ ಇದೆಯೇನೋ? ಇಲ್ವಾ? ಅಳತೆ ಹೇಳು.”

“ಉದ್ದ ಎಪ್ಪತ್ತೆರಡು ಸೆಂಟಿಮೀಟರ್, ಟೈಲರಣ್ಣ. ಮೂಗಿನಿಂದ ಬಾಲದ ಬುಡದವರೆಗೆ. ಬಾಲ ಬೇರೆ ಬರ್ಕೊಂಡಿದ್ದೀನಿ.”

ಅಜ್ಜಿ ಮಾತ್ರ ಎದ್ದು ಕೂತು ಮೊದಲು ಒಂದು ಷರತ್ತು ಕೇಳಿದರು. “ನಾನು ನಿನ್ನ ತಾಯಿ ಅಂದ್ಮೇಲೆ ಬೈಬಹುದು ತಾನೇ?”

“ಅದು... ಅಗತ್ಯ ಇದ್ರೆ, ಅಜ್ಜಿ.”

“ಅಮ್ಮ ಅನ್ನೋ. ಈಗಲೇ ಅಭ್ಯಾಸ ಮಾಡ್ಕೋ, ಸೋಮಾರಿ.”

ಮಧ್ಯಾಹ್ನದ ಹೊತ್ತಿಗೆ ಮಿಲಿಗ್ರಾಮನ ಕೋಣೆ ಗುರುತು ಸಿಗದಂತಾಯಿತು. ಅತ್ತಿಗೆ ಏಳು ಲೋಟ, ಏಳು ತಟ್ಟೆ ತಂದು ಜೋಡಿಸಿದರು. ಬಾಗಿಲಲ್ಲಿ ಏಳು ಜೊತೆ ಚಪ್ಪಲಿ ಬಂದು ಕೂತವು. ಒಂದೇ ಹಲ್ಲುಜ್ಜುವ ಬ್ರಶ್ಶು ಇರುವ ಮನೆಯನ್ನು ಯಾರು ನಂಬುತ್ತಾರೆಂದು ಫಾರಂ ಮಾವ ಆರು ಹೊಸ ಬ್ರಶ್ಶುಗಳನ್ನು ತಂದು, ಹೊಸದಾಗಿ ಕಾಣಬಾರದೆಂದು ಅವುಗಳಿಂದ ಕಿಟಕಿಯ ಸರಳುಗಳನ್ನು ತಿಕ್ಕಿದರು. ಅವಳಿಗಳು “ಚಿಕ್ಕಪ್ಪಾ, ಚಿಕ್ಕಪ್ಪಾ” ಎಂದು ಅಭ್ಯಾಸ ಮಾಡುತ್ತ ಮಂಚದಿಂದ ನೆಲಕ್ಕೆ, ನೆಲದಿಂದ ಮಂಚಕ್ಕೆ ಹಾರತೊಡಗಿದರು. ಅಜ್ಜಿ ಇಬ್ಬರನ್ನೂ ಕೆಳಗಿಳಿಸಿ, ಹಾಸಿಗೆಯನ್ನು ಅಂಗೈಯಿಂದ ಎರಡು ಕಡೆ ಒತ್ತಿ ನೋಡಿದರು. ಗೋಡೆಗೆ ಕಿವಿ ಇಟ್ಟರು.

“ನಮ್ಮನೆ ಯಂತ್ರದ ಸದ್ದು ಇಲ್ಲಿಗೆ ಕೇಳಿಸೋದೇ ಇಲ್ವಲ್ಲೋ!”

“ಈ ಗೋಡೆ ಇಪ್ಪತ್ಮೂರು ಸೆಂಟಿಮೀಟರ್ ದಪ್ಪ, ಅಮ್ಮ,” ಎಂದ ಮಿಲಿಗ್ರಾಂ.

“ಹ್ಞೂ,” ಎಂದು ಅಜ್ಜಿ ಏನನ್ನೋ ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

ಅಷ್ಟರಲ್ಲಿ ನೆಲದ ಕೆಳಗಿನಿಂದ ಟಕ್ ಟಕ್ ಟಕ್ ಎಂದು ಸದ್ದು ಬಂತು. ಎರಡನೇ ಮಹಡಿಯ ಶ್ಶಪ್ಪನವರು ಛತ್ರಿಯ ತುದಿಯಿಂದ ತಮ್ಮ ಚಾವಣಿ ಕುಟ್ಟುತ್ತಿದ್ದರು. ಮನೆಯಲ್ಲೇ ಕೂತು ಪುಸ್ತಕಗಳ ಅಚ್ಚಿನ ತಪ್ಪು ತಿದ್ದುವ ಅವರು ಒಂಟಿ ಮನುಷ್ಯ. ಮೆಟ್ಟಿಲಲ್ಲಿ ಯಾರಾದರೂ ಕೆಮ್ಮಿದರೂ ಬಾಗಿಲು ತೆರೆದು “ಶ್ಶ್!” ಎನ್ನುವುದು, ಮತ್ತೆ ಮುಚ್ಚುವುದು. ಇಡೀ ಕಟ್ಟಡ ಅವರಿಂದ ಕೇಳಿದ್ದು ಈ ಒಂದೇ ಅಕ್ಷರ.

ಮೂರೂವರೆಗೆ ದರ್ಜಿ ನಾಯಿಯ ಹಾಸಿಗೆ ತಂದು ಬಿಚ್ಚಿದ. ಅದು ಬಿಚ್ಚಿಕೊಳ್ಳುತ್ತಾ ಬಿಚ್ಚಿಕೊಳ್ಳುತ್ತಾ ಅಡುಗೆಮನೆಯ ಹೊಸ್ತಿಲು ಮುಟ್ಟಿತು.

“ಟೈಲರಣ್ಣ! ನಾನು ಹೇಳಿದ್ದು ಎಪ್ಪತ್ತೆರಡು!”

“ಬೆಳೆಯೋ ಪ್ರಾಣಿ ಅಲ್ವೇನೋ, ಸ್ವಲ್ಪ ಜಾಸ್ತಿ ಬಿಟ್ಟಿದ್ದೀನಿ.”

“ಅದಕ್ಕೆ ಆರು ವರ್ಷ ಆಗಿದೆ!”

“ನಿನ್ನ ಅತ್ತಿಗೆ ಮದುವೆ ಆದಾಗಲೂ ಇನ್ನು ಬೆಳೆಯಲ್ಲ ಅಂದಿದ್ರು,” ಎಂದ ದರ್ಜಿ. ಅತ್ತಿಗೆ ಲೋಟ ಎತ್ತಿಕೊಂಡರು. ದರ್ಜಿ ಬಾಯಿ ಮುಚ್ಚಿಕೊಂಡ.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಕಂದು ನಾಯಿ ಅವರ ಕಾಲ ಪಕ್ಕದಲ್ಲಿ ನಿಂತು ಮಿಲಿಗ್ರಾಮನ ಮುಖ ನೋಡಿ ಬಾಲವನ್ನು ಒಂದು ಸಲ ಆಡಿಸಿತು. ಮಿಲಿಗ್ರಾಮನ ಕಣ್ಣು ತುಂಬಿತು. ಅವನು ಮಂಡಿಯೂರಿ ಕೈ ಚಾಚಿದ್ದೇ ತಡ, ಇಡೀ ಕುಟುಂಬ ಏಕಕಾಲಕ್ಕೆ ಮೇಲೆ ಬಿತ್ತು.

“ಬನ್ನಿ ಮೇಡಂ, ಬನ್ನಿ! ನಾನು ಸೋದರಮಾವ!”

“ಚಿಕ್ಕಪ್ಪಾ, ನಾಯಿ! ಚಿಕ್ಕಪ್ಪಾ, ನನಗೆ! ಇಲ್ಲ, ನನಗೆ!”

“ಟೀ ತಗೊಳ್ಳಿ ಮೇಡಂ, ಏಳು ಲೋಟ ಇದೆ!”

“ಬಂದೋರಿಗೆ ಕುರ್ಚಿ ಹಾಕಬೇಕು ಅಂತ ಗೊತ್ತಿಲ್ವೇನೋ ದಡ್ಡ!” ಇದು ಅಜ್ಜಿ. “ನಲವತ್ತೆರಡು ವರ್ಷ ಆಯ್ತು ಮೇಡಂ, ಇನ್ನೂ ನಾನೇ ಹೇಳ್ಕೊಡಬೇಕು.”

ಒಬ್ಬಳು ಅವಳಿ ನಾಯಿಯ ಬಾಲದ ಉದ್ದ ನೋಡಲು ಹೋದಳು, ಇನ್ನೊಬ್ಬಳು ಒಂದು ತಟ್ಟೆ ಬೀಳಿಸಿದಳು. ತಟ್ಟೆ ಚಕ್ರದಂತೆ ಉರುಳಿ, ಸುತ್ತಿ ಸುತ್ತಿ, ಬಹಳ ಹೊತ್ತು ಗಣಗಣ ಎಂದು ಕೊನೆಗೆ ಬಿತ್ತು. ಅದು ನಿಂತಾಗ ನಾಯಿ ಕಾಣಲಿಲ್ಲ. ಮಂಚದ ಕೆಳಗೆ, ಗೋಡೆಯ ಮೂಲೆಗೆ ಒತ್ತಿಕೊಂಡು, ಎಲೆಯ ಹಾಗೆ ನಡುಗುತ್ತಿತ್ತು.

ಮೇಡಂ ಅರ್ಜಿಯನ್ನು ಓದಿದರು. ನಾಲ್ಕನೆಯ ಪ್ರಶ್ನೆಯ ಬಳಿ ಅವರ ಬೆರಳು ನಿಂತಿತು. ಅವರು ಕೋಣೆಯಲ್ಲಿದ್ದ ತಲೆಗಳನ್ನು ಎಣಿಸಿದರು. ಏಳು. ಲೆಕ್ಕ ಕರಾರುವಾಕ್ಕಾಗಿತ್ತು. ಫಾರಂ ಮಾವ ಮೀಸೆಯಲ್ಲೇ ನಕ್ಕರು.

“ಕ್ಷಮಿಸಿ ಸಾರ್,” ಎಂದರು ಮೇಡಂ, ನಿಜವಾದ ಬೇಸರದಿಂದ. “ಇವನನ್ನ ನಿಮಗೆ ಕೊಡೋಕಾಗಲ್ಲ.”

ಯಂತ್ರ ಕೆಟ್ಟಾಗ ನಿಲ್ಲುವ ಮುಳ್ಳಿನಂತೆ ಎಲ್ಲರೂ ನಿಂತಲ್ಲೇ ನಿಂತರು.

“ಇವನು ಮೊದಲಿದ್ದಿದ್ದು ಜನ ತುಂಬಿದ ಮನೇಲಿ. ಗದ್ದಲ ಅಂದ್ರೆ ಅವನಿಗೆ ಪ್ರಾಣಭಯ. ನೀವು ಅವತ್ತು ಬಂದಾಗ ಒಂದು ಗಂಟೆಯಲ್ಲಿ ನಾಲ್ಕು ಮಾತಾಡಿದ್ರಿ. ಒಂಟಿ ಮನುಷ್ಯ, ಶಾಂತವಾದ ಮನೆ ಇರಬೇಕು ಅಂದ್ಕೊಂಡೆ. ಅದಕ್ಕೇ ನೀವು ಕೇಳ್ದಾಗಿಂದ ಬೇರೆ ಮೂರು ಜನ ಬಂದ್ರೂ ಕೊಡದೆ ನಿಮಗೋಸ್ಕರ ಇಟ್ಕೊಂಡಿದ್ದೆ. ನಾಲ್ಕನೇ ಪ್ರಶ್ನೆಗೆ ನೀವು ಒಂದು ಅಂತ ಬರೆದಿದ್ರೆ ಮನೆ ಕೂಡ ನೋಡದೆ ಬಿಟ್ಟುಹೋಗ್ತಿದ್ದೆ.”

ಮಿಲಿಗ್ರಾಂ ಫಾರಂ ಮಾವನ ಕಡೆ ನೋಡಿದ. ಫಾರಂ ಮಾವ ಚಾವಣಿಯ ಕಡೆ ನೋಡಿದರು.

“ಮೇಡಂ!” ಮಿಲಿಗ್ರಾಂ ಜೀವನದಲ್ಲೇ ಮೊದಲ ಸಲ ಕೂಗಿದ. “ಇವರು ಯಾರೂ ನನ್ನವರಲ್ಲ! ನಾನು ಒಬ್ಬನೇ! ಇವರು ನನ್ನ ತಾಯಿ ಅಲ್ಲವೇ ಅಲ್ಲ!”

ಅಜ್ಜಿ ನಿಧಾನವಾಗಿ ಸೆರಗಿನ ತುದಿಯನ್ನು ಕಣ್ಣಿಗೆ ತಂದುಕೊಂಡರು.

“ನೋಡಿದ್ರಾ ಮೇಡಂ. ಒಂದು ನಾಯಿಗೋಸ್ಕರ...”

ಅಜ್ಜಿ ಅತ್ತೇಬಿಟ್ಟರು. ಅಳು ಎಷ್ಟು ಸೊಗಸಾಗಿತ್ತೆಂದರೆ ಸ್ವಂತ ಮಗ ದರ್ಜಿಯೇ ಮಿಲಿಗ್ರಾಮನನ್ನು ದುರುಗುಟ್ಟಿ ನೋಡಿ, “ಛೆ, ಅಮ್ಮನ ಮುಂದೇನೇ!” ಎಂದುಬಿಟ್ಟ. ಅವಳಿಗಳು ಅಜ್ಜಿ ಅತ್ತದ್ದಕ್ಕೆ ಎರಡು ಸ್ವರದಲ್ಲಿ ಅತ್ತರು. ಮೇಡಂ ಮಿಲಿಗ್ರಾಮನನ್ನು ನೋಡಿದ ನೋಟಕ್ಕೆ ಹಿತ್ತಾಳೆಯೂ ಕರಗುತ್ತಿತ್ತು.

“ಹೆತ್ತವಳನ್ನೇ ಇಲ್ಲ ಅನ್ನೋರು ನಾಳೆ ನಾಯೀನ ಏನಂತೀರಿ?”

ಆಗ ಬಾಗಿಲು ದಡಾರನೆ ತೆರೆಯಿತು. ಛತ್ರಿ ಹಿಡಿದು, ಕಿವಿಯ ಮೇಲೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡ ಶ್ಶಪ್ಪನವರು ಹೊಸ್ತಿಲಲ್ಲಿ ನಿಂತಿದ್ದರು. ಎದೆ ತುಂಬ ಉಸಿರೆಳೆದುಕೊಂಡು, ವರ್ಷಗಳ ಸಾಧನೆಯನ್ನೆಲ್ಲ ಒಂದುಗೂಡಿಸಿ, ಅವರು ಹೇಳಿದರು:

“ಶ್ಶ್ಶ್ಶ್!”

ಅವಳಿಗಳು ನಿಂತರು. ಅಜ್ಜಿ ನಿಂತರು. ಗಡಿಯಾರ ಮಾತ್ರ ಟಿಕ್ ಟಿಕ್ ಎಂದಿತು. ಮಂಚದ ಕೆಳಗಿನಿಂದ ಮೊದಲು ಮೂಗು, ಆಮೇಲೆ ಕಿವಿ, ಆಮೇಲೆ ಇಡೀ ನಾಯಿ ಹೊರಗೆ ಬಂತು. ತನ್ನ ಮನಸ್ಸಿನ ಮಾತನ್ನು ಆಡಿದ ಈ ಏಕೈಕ ಮನುಷ್ಯ ಯಾರೆಂದು ನೋಡಿತು. ನೇರವಾಗಿ ನಡೆದುಹೋಗಿ ಶ್ಶಪ್ಪನವರ ಎಡಪಾದದ ಮೇಲೆ ಕೂತುಬಿಟ್ಟಿತು.

ಶ್ಶಪ್ಪನವರು ಕೆಳಗೆ ನೋಡಿದರು. ಪಾದ ಎಳೆದುಕೊಳ್ಳಲು ಹೊರಟವರು ಯಾಕೋ ಎಳೆದುಕೊಳ್ಳಲಿಲ್ಲ.

“ಇದು ಬೊಗಳುತ್ತಾ?”

ಅವರಿಗೆ ಬೇರೆ ಅಕ್ಷರಗಳೂ ಬರುತ್ತವೆಂದು ಕಟ್ಟಡಕ್ಕೆ ತಿಳಿದದ್ದು ಆಗಲೇ.

“ಒಂದು ವರ್ಷದಿಂದ ಒಂದು ಸಲಾನೂ ಬೊಗಳಿಲ್ಲ,” ಎಂದರು ಮೇಡಂ. ಅವರ ಕಣ್ಣು ಹೊಳೆಯಿತು. “ನಿಮ್ಮನೇಲಿ ಎಷ್ಟು ಜನ ಸಾರ್?”

“ನಾನೊಬ್ಬನೇ. ಅದೂ ಒಂದೊಂದು ಸಲ ಜಾಸ್ತಿ ಅನ್ಸುತ್ತೆ.”

“ಹಗಲು ಮನೇಲೇ ಇರ್ತೀರಾ?”

“ಬೇರೆ ಎಲ್ಲಿ ಹೋಗ್ಲಿ? ಹೊರಗೆಲ್ಲಾ ಜನ.”

ಮೇಡಂ ಚೀಲದಿಂದ ಹೊಸ ಅರ್ಜಿ ತೆಗೆದರು. ಫಾರಂ ಮಾವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಮಿಲಿಗ್ರಾಂ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನಿಗೆ ಅಳು ಬರುವಂತಿತ್ತು. ಆದರೂ ನಾಯಿ ಈಗ ನಡುಗುತ್ತಿಲ್ಲ ಎಂಬುದನ್ನು ಅವನ ಕಣ್ಣು ಗಮನಿಸಿತ್ತು. ಮುಳ್ಳು ಎಲ್ಲಿ ನಿಂತಿತೋ ಅದೇ ತೂಕ. ಅದರ ಜೊತೆ ವಾದ ಮಾಡುವುದು ಅವನ ಉದ್ಯೋಗಧರ್ಮವಲ್ಲ. ಶ್ಶಪ್ಪನವರು ಕೆಂಪು ಪೆನ್ಸಿಲಿನಲ್ಲೇ ನಾಲ್ಕನೆಯ ಪ್ರಶ್ನೆಗೆ ‘1’ ಎಂದು ಬರೆದು, ಅದಕ್ಕೆ ಯಾವ ಟೋಪಿಯನ್ನೂ ಹಾಕದೆ, ನಾಯಿ ಮತ್ತು ಮೇಡಂ ಜೊತೆ ಮೆಟ್ಟಿಲಿಳಿದು ಹೋದರು. ತಿರುವಿನಲ್ಲಿ ನಾಯಿ ಒಮ್ಮೆ ಹಿಂದಿರುಗಿ ಮಿಲಿಗ್ರಾಮನನ್ನು ನೋಡಿತು. ಮಿಲಿಗ್ರಾಂ ಕೈ ಬೀಸಿದ, ಸದ್ದಾಗದ ಹಾಗೆ.

ಆರು ಗಂಟೆಗೆ ಬಂಧುಬಳಗವೆಲ್ಲ ಲೋಟ, ತಟ್ಟೆ, ಚಪ್ಪಲಿಗಳ ಸಮೇತ ಚದುರಿತು. “ಮುಂದಿನ ಸಲ ಒಂಬತ್ತು ಅಂತ ಬರೆಯೋಣ ಬಿಡೋ,” ಎಂದು ಮಾವ ಸಮಾಧಾನ ಹೇಳಿ ಹೋದರು. ಮಿಲಿಗ್ರಾಂ ಬಾಗಿಲು ಹಾಕಿ, ಗಡಿಯಾರದ ಸದ್ದು ಕೇಳುತ್ತ ಕೂತ. ಐದು ನಿಮಿಷವಾಗಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು.

ಅಜ್ಜಿ ನಿಂತಿದ್ದರು. ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ಬಟ್ಟೆಯ ಗಂಟು.

“ಏನಜ್ಜೀ ಇದು?”

“ಅಮ್ಮ ಅನ್ನೋ.” ಅಜ್ಜಿ ಒಳಗೆ ಬಂದು ಮಂಚದ ಮೇಲೆ ದಿಂಬಿಟ್ಟು, ಅದಕ್ಕೆ ಎರಡು ಏಟು ಕೊಟ್ಟು ಒರಗಿದರು. “ಆ ಹಾಳು ಯಂತ್ರಗಳ ಮಧ್ಯೆ ಹನ್ನೆರಡು ವರ್ಷದಿಂದ ನಿದ್ದೆ ಹತ್ತಿಲ್ಲ ನನಗೆ. ಮೇಡಂ ಹೇಳಿದ್ದು ಕೇಳಿಸ್ಕೊಂಡೆಯಲ್ಲ, ಗದ್ದಲಕ್ಕೆ ಹೆದರೋ ಪ್ರಾಣಿಗೆ ಶಾಂತವಾದ ಮನೆ ಬೇಕು ಅಂತ? ನಿಯಮದ ಪ್ರಕಾರ ಹದಿನೈದು ದಿನ ನೋಡೋಣ.”

“ನಾನು ನಿಮ್ಮನ್ನ... ಹದಿನೈದು ದಿನ...”

“ನೀನು ನನ್ನನ್ನಲ್ಲ ಕಣೋ, ನಾನು ನಿನ್ನನ್ನ. ಹೊಂದಿಕೊಂಡ್ರೆ ಕಾಯಂ. ಇಲ್ದಿದ್ರೆ ಮೇಡಂಗೆ ಹೇಳಿ ವಾಪಸ್ ಕಳಿಸ್ತೀನಿ.”

“ಇರೋದು ಒಂದೇ ಮಂಚ ಅಮ್ಮ. ನಾನೆಲ್ಲಿ ಮಲಗ್ಲಿ?”

ಅಜ್ಜಿ ಕಣ್ಣು ತೆರೆಯದೆಯೇ ಮೂಲೆಯ ಕಡೆ ಬೆರಳು ತೋರಿಸಿದರು. ದರ್ಜಿ ಹೊಲಿದ ನಾಯಿಯ ಹಾಸಿಗೆ ಅಲ್ಲಿ ಅಡುಗೆಮನೆಯ ಹೊಸ್ತಿಲಿನವರೆಗೆ ಚಾಚಿಕೊಂಡಿತ್ತು. ಮಿಲಿಗ್ರಾಂ ಅದರ ಮೇಲೆ ಮಲಗಿ ನೋಡಿದ. ನೆತ್ತಿಯಿಂದ ಹಿಮ್ಮಡಿಯವರೆಗೆ, ಒಂದು ಸೆಂಟಿಮೀಟರ್ ಹೆಚ್ಚಿಲ್ಲ, ಒಂದು ಸೆಂಟಿಮೀಟರ್ ಕಡಿಮೆಯಿಲ್ಲ.

ಮಂಚದ ಮೇಲಿನಿಂದ ಅಜ್ಜಿಯ ಗೊರಕೆ ಎರಡು ಹೊಲಿಗೆ ಯಂತ್ರಗಳು ಒಟ್ಟಿಗೆ ಶುರುವಾದಂತೆ ಶುರುವಾಯಿತು. ಕೆಳಗಿನಿಂದ ಛತ್ರಿ ಟಕ್ ಟಕ್ ಎಂದಿತು. ಅದರ ಹಿಂದೆಯೇ, ಒಂದು ವರ್ಷದ ಮೌನ ಮುರಿದು, ನಾಯಿಯೊಂದು ಮೇಲೆ ನೋಡಿ ಬೊಗಳಿತು.