ತಗಡಿಲ್ಲದ ಹಳದಿ ವಸ್ತು

ಗುರುತಿನ ಫಲಕವಿಲ್ಲದ ಯಾವ ವಾಹನವೂ ಪುಂತಾ ಸಾರ್ದಿನಾ ಬಂದರಿನ ನೀರಿನಲ್ಲಿ ತೇಲತಕ್ಕದ್ದಲ್ಲ. ತೇಲುತ್ತಿರುವುದು ಕಂಡುಬಂದಲ್ಲಿ ಅದನ್ನು ವಾಹನವೆಂದು ಪರಿಗಣಿಸತಕ್ಕದ್ದಲ್ಲ. ಕೊಲಂಬಿಯಾದ ಈ ಕರಾವಳಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿಯಮ ಇನ್ನೊಂದಿಲ್ಲ. ಬಂದರು ಕಚೇರಿಯ ಬಾಗಿಲೆದುರೇ ಮೀನು ಕರಿದು ಮಾರುವ ನನಗೆ ಇದು ಬಾಯಿಪಾಠ.

ಫಲಕ ಸುಸ್ಥಿತಿಯಲ್ಲಿದೆಯೇ ಎಂದು ಕಚೇರಿಯವರು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಾರೆ. ತಪಾಸಣೆ ಆಯಿತು ಎಂಬುದರ ಗುರುತಿಗೆ ಅದೇ ಫಲಕದ ಮೇಲೆ ಉಳಿಯಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕುತ್ತಾರೆ. ನಮ್ಮೂರ ಯಾದಿರಿಸಳ ಬಳಿ ನೀರಿನ ಮೇಲೆ ಬೈಕಿನಂತೆ ಓಡುವ ಹಳದಿ ಜೆಟ್ ಸ್ಕೀ ಇತ್ತು; ಅದು ಒಂದು ವರ್ಷವೂ ತಪಾಸಣೆ ತಪ್ಪಿಸಿದ್ದಿಲ್ಲ. ಹಾಗಾಗಿ ಅದರ ತಗಡಿನಲ್ಲಿ ಓದಲು ಒಂದು ಅಂಕಿಯೂ ಉಳಿದಿರಲಿಲ್ಲ. ಕಚೇರಿಯ ಕಡೆ ತಲೆಯನ್ನೂ ಹಾಕದ ಅವಳ ಚಿಕ್ಕಪ್ಪನ ಮಗ ಉಬಾಲ್ದೊನ ಗಾಡಿಯ ತಗಡು ಮಾತ್ರ ಫಳಫಳ ಹೊಳೆಯುತ್ತಿತ್ತು. ಫಲಕವನ್ನು ಇಷ್ಟು ಜೋಪಾನ ಮಾಡಿದ್ದಕ್ಕೆ ಅವನಿಗೆ ಸನ್ಮಾನವೂ ಆಯಿತು.

ಈಸ್ಟರಿನ ವಾರ ಹತ್ತಿರ ಬರುತ್ತಿತ್ತು. ಆ ವಾರ ಪ್ರವಾಸಿಗರನ್ನು ಕೂರಿಸಿಕೊಂಡು ಓಡಿಸಿದರೆ ಯಾದಿರಿಸಳ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುತ್ತದೆ, ಓಡಿಸದಿದ್ದರೆ ಇಲ್ಲ. ಅವಳು ಜೆಟ್ ಸ್ಕೀಯನ್ನು ಕೈಗಾಡಿಯ ಮೇಲೆ ಏರಿಸಿ ಕಚೇರಿಯ ಅಂಗಳಕ್ಕೆ ಎಳೆದು ತಂದಳು. ನಮ್ಮ ಕಡೆ ಮೇಜಿನ ಹಿಂದೆ ಕೂತವರನ್ನೆಲ್ಲ ಡಾಕ್ಟರ್ ಎನ್ನುವುದು ವಾಡಿಕೆ. ಡಾಕ್ಟರ್ ನಿಕಾನೋರ್ ಬಹಳ ದೊಡ್ಡ ಮೇಜಿನ ಹಿಂದೆ ಕೂತಿದ್ದರು.

“ಡಾಕ್ಟರೇ, ಹೊಸ ಪ್ಲೇಟು ಬೇಕಿತ್ತು,” ಅಂದಳು ಯಾದಿರಿಸ್.

“ಕೊಡೋಣಮ್ಮಾ, ನಾವಿರೋದೇ ಅದಕ್ಕೆ. ಯಾವ ಗಾಡಿಗೆ?”

“ಅಗೋ, ಅಂಗಳದಲ್ಲಿ ನಿಂತಿದೆಯಲ್ಲ, ಅದಕ್ಕೆ.”

“ಅದು ಯಾವುದು ಅಂತ ನಮಗೆ ಗೊತ್ತಾಗೋದು ಹೇಗೆ? ನಂಬರ್ ಓದು ನೋಡೋಣ.”

“ನೀವೇ ಬಡಿದು ಬಡಿದು ಅಳಿಸಿದ್ದೀರಿ. ಓದೋದು ಏನನ್ನ, ನನ್ನ ಹಣೆಬರಹಾನಾ?”

“ಬಡಿದಿದ್ದಲ್ಲಮ್ಮಾ, ದೃಢೀಕರಿಸಿದ್ದು,” ಎಂದರು ಡಾಕ್ಟರು ಶಾಂತವಾಗಿ.

ಡಾಕ್ಟರು ಹಟಮಾರಿಯಲ್ಲ. ಶುಲ್ಕ ಕಟ್ಟಿಸಿಕೊಂಡು, ರಾಜಧಾನಿಗೆ ಬರೆದು, ಅವಳ ಹಳೆಯ ನಂಬರಿನದೇ ಹೊಸ ಫಲಕ ತರಿಸಿ ಅವಳ ಕೈಗಿಟ್ಟರು. ಆದರೆ ಹೊಸ ಫಲಕವನ್ನು ಅದೇ ಸಂಖ್ಯೆಯ ಹಳೆಯ ಫಲಕವಿರುವ ವಾಹನಕ್ಕೆ ಮಾತ್ರ ಜೋಡಿಸತಕ್ಕದ್ದು. ಅಂಗಳದಲ್ಲಿರುವುದು ಅಂಥ ವಾಹನ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಸಾಕ್ಷಿ ಬೇಕಾಯಿತು. ನನ್ನನ್ನು ಕರೆದರು.

“ಇದು ಯಾರದು?”

“ಯಾದಿರಿಸ್‌ದು ಡಾಕ್ಟರೇ. ಸೀಟಿಗೆ ಅವಳಮ್ಮ ಹೊಲಿಗೆ ಹಾಕಿದ್ದು ನನ್ನ ಕಣ್ಣೆದುರೇ.”

“ನೀವು ನಂಬರ್ ಓದಿದ್ದೀರಾ?”

“ಇಲ್ಲ.”

“ಹಾಗಾದ್ರೆ ನಿಮಗೆ ಗೊತ್ತಿರೋದು ಒಂದು ಹಳದಿ ವಸ್ತು. ಅಷ್ಟೇ ತಾನೇ?”

ಯೋಚಿಸಿದೆ. ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಕಚೇರಿಯ ಮಧ್ಯಾಹ್ನದ ಕರಿದ ಮೀನು, ತೆಂಗಿನಹಾಲಿನ ಅನ್ನ ನನ್ನ ಅಂಗಡಿಯಿಂದಲೇ ಹೋಗುತ್ತದೆ ಎಂಬುದೂ ನೆನಪಾಯಿತು. “ಅಷ್ಟೇ ಡಾಕ್ಟರೇ,” ಎಂದೆ.

“ಮಾಮಾ, ನಿನ್ನ ಬಾಯಿಗೆ ಮಣ್ಣು ಹಾಕ,” ಅಂದಳು ಯಾದಿರಿಸ್. ಅವಳ ಕಣ್ಣು ತುಂಬಿಬಂದಿತ್ತು. ಈ ಮಾತನ್ನು ಹೇಳಿಕೆಗೆ ಸೇರಿಸಲಿಲ್ಲ.

ಮರುದಿನ ಗೋಡೆಯ ಮೇಲೆ ಪ್ರಕಟಣೆ ಅಂಟಿಸಿದರು: “ಬಂದರಿನ ಆವರಣದಲ್ಲಿ ವಾರಸುದಾರರಿಲ್ಲದ ಹಳದಿ ವಸ್ತುವೊಂದು ದೊರೆತಿರುತ್ತದೆ. ತಮ್ಮದೆನ್ನುವವರು ಸಂಖ್ಯೆ ಸಹಿತ ಹಾಜರಾಗತಕ್ಕದ್ದು.” ಯಾದಿರಿಸ್ ಹೊಸ ಫಲಕ ಹಿಡಿದು ಓಡಿ ಬಂದು ಸಂಖ್ಯೆಯನ್ನು ಗಟ್ಟಿಯಾಗಿ ಓದಿದಳು.

“ಆ ನಂಬರು ನಿನ್ನ ಕೈಲಿರೋ ಪ್ಲೇಟಿನದು,” ಎಂದರು ಡಾಕ್ಟರು. “ಪ್ಲೇಟು ನಿಂದೇ, ಯಾರು ಇಲ್ಲ ಅಂದ್ರು? ಧಾರಾಳವಾಗಿ ತಗೊಂಡು ಹೋಗು.”

ಬೇರೆ ಯಾರೂ ಬರಲಿಲ್ಲವಾದ್ದರಿಂದ ವಸ್ತು ಕಚೇರಿಯ ಸ್ವಾಧೀನಕ್ಕೆ ಬಂತು. ಕಚೇರಿಯ ವಸ್ತುಗಳಿಗೆ ಫಲಕ ಬೇಡ. ಅವು ಕಚೇರಿಯವೆಂದು ಎಲ್ಲರಿಗೂ ಗೊತ್ತಿರುತ್ತದೆ. ಪ್ರವಾಸಿಗರ ಸೇವೆಗೆಂದು ಅದನ್ನು ನೀರಿಗೆ ಇಳಿಸುವುದು, ಟಿಕೆಟ್ ವಸೂಲಿ ಡಾಕ್ಟರ ಭಾಮೈದುನನದು ಎಂದು ಆದೇಶವಾಯಿತು. ಒಂದೇ ತೊಡಕು: ಯಾರು ಎಷ್ಟು ತಿಣುಕಿದರೂ ಅದು ಸ್ಟಾರ್ಟ್ ಆಗಲಿಲ್ಲ. ಅದರ ಮರ್ಮ ಗೊತ್ತಿದ್ದವಳು ಯಾದಿರಿಸ್ ಒಬ್ಬಳೇ. ಕಚೇರಿ ದೊಡ್ಡ ಮನಸ್ಸು ಮಾಡಿ ಅವಳನ್ನು ‘ಹಳದಿ ವಸ್ತು ಚಾಲಕಿ’ ಎಂದು ದಿನಗೂಲಿಗೆ ನೇಮಿಸಿಕೊಂಡಿತು.

“ಹೋಗ್ತೀಯೇನೇ?” ಎಂದು ಕೇಳಿದೆ.

“ಹೊಟ್ಟೆ ಉರೀತದೆ ಮಾಮಾ. ಆದರೆ ಮಕ್ಕಳು ಊಟ ಕೇಳ್ತವಲ್ಲ,” ಅಂದಳು.

ಶುಭ ಶುಕ್ರವಾರದಂದು ದಡದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಭಾಮೈದುನ ಟಿಕೆಟ್ ಹರಿಯುತ್ತಿದ್ದ. ರಾಜಧಾನಿ ಬೊಗೋಟಾದಿಂದ ಬಂದಿದ್ದ ಹುಡುಗನೊಬ್ಬ ಯಾದಿರಿಸಳ ಹಿಂದೆ ಹತ್ತಿ ಕೂತು, “ಅಕ್ಕಾ, ಗಾಡಿ ನಿಮ್ದೇನಾ?” ಎಂದು ಕೇಳಿದ.

“ಅಲ್ಲ ತಮ್ಮಾ. ಪ್ಲೇಟು ಮಾತ್ರ ನಂದು. ಮನೇಲಿದೆ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದೀನಿ.”

“ಒಳ್ಳೇದಾಯ್ತು ಬಿಡಿ,” ಅಂದ ಅವನು. “ಉಪ್ಪುನೀರು ತಾಗೋದಿಲ್ಲ.”