ಕೊಸರಿಗೆ ಬಂದ ಟೆರಿಯರ್

ವ್ಯಾಪಾರವೆಂದರೆ ಬೆಲೆ ಇಳಿಸುವುದು ಎಂದು ತಿಳಿದವರು ಇನ್ನೂ ವ್ಯಾಪಾರ ಕಲಿತಿಲ್ಲ. ಬೆಲೆ ಯಾರು ಬೇಕಾದರೂ ಇಳಿಸುತ್ತಾರೆ. ಎಲ್ಲ ಮುಗಿದು, ಮಾರಿದವನು ಉಸ್ಸೆಂದು ಬೆವರು ಒರೆಸಿಕೊಳ್ಳುವ ಹೊತ್ತಿಗೆ, "ಅದಿರಲಿ, ಕೊಸರು ಏನ್ ಕೊಡ್ತೀರಿ?" ಎಂದು ಕೇಳುತ್ತಾನಲ್ಲ, ಅವನು ವ್ಯಾಪಾರಸ್ಥ. ಬಿಳಿಗೆರೆಯಲ್ಲಿ ಕಂಡವರ ದನ ಮೇಯಿಸಿಕೊಂಡಿದ್ದ ನಾನು ನಂಜನಗೂಡಿನಲ್ಲಿ ಹೆಂಚಿನ ಮನೆ ಕಟ್ಟಿ, ಎತ್ತಿನ ದಲ್ಲಾಳಿ ನಂಜಪ್ಪನೆಂದು ಹೆಸರು ಮಾಡಿದ್ದು ಇದೊಂದು ಪ್ರಶ್ನೆಯ ಬಲದಿಂದ. ಸೊಪ್ಪು ಕೊಂಡರೆ ಮೇಲೊಂದು ಕಡ್ಡಿ ಕರಿಬೇವು, ಎತ್ತು ಕೊಂಡರೆ ಮೇಲೊಂದು ಮೂಗುದಾರ. ಕೊಸರಿಲ್ಲದೆ ನಾನು ಮನೆಗೆ ಬಂದರೆ ಮೈಗೆ ಹುಷಾರಿಲ್ಲವೆಂದು ತಿಳಿದು ನನ್ನ ಹೆಂಡತಿ ಗೌರಮ್ಮ ಮೆಣಸಿನ ಕಷಾಯಕ್ಕೆ ನೀರಿಡುತ್ತಾಳೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮೈಸೂರಿನಲ್ಲಿ ಕಾಫಿ ತೋಟದ ನಿವೃತ್ತ ಮ್ಯಾನೇಜರೊಬ್ಬರು ಮನೆ ಖಾಲಿ ಮಾಡುತ್ತಿದ್ದಾರೆಂದು ಕೇಳಿ ಅವರ ಬೀಟೆ ಮರದ ಬೀರು ನೋಡಲು ಹೋದೆ. ಅವರು ಹೇಳಿದ್ದರಲ್ಲಿ ಅರ್ಧಕ್ಕೆ ಇಳಿಸಿ, ಗಾಡಿಗೆ ಹೇರಿಸಿ, ಕೊನೆಗೆ "ಸಾರ್, ಕೊಸರು?" ಎಂದೆ. ಅವರು ಒಳಗೆ ಹೋಗಿ ಒಂದು ನಾಯಿ ತಂದು ನನ್ನ ಕೈಗಿಟ್ಟರು. "ಫಾಕ್ಸ್ ಟೆರಿಯರ್. ಹೆಸರು ಜಿಮ್ಮಿ. ಒಳ್ಳೇ ಜಾತಿ, ತಗೊಂಡ್ಹೋಗಿ." ಬಿಳಿ ಮೈ, ಮುಖದ ಮೇಲೆ ಕಂದು ಮಚ್ಚೆ, ಮುಂದಕ್ಕೆ ಮಡಿಚಿದ ಕಿವಿ, ಬೆರಳುದ್ದದ ಮೋಟು ಬಾಲ. ಅವರ ಅಡುಗೆಯವನು ಬಾಗಿಲಲ್ಲಿ ನಿಂತು ಕೈಮುಗಿದ. ನನಗೇ ಎಂದುಕೊಂಡು ನಾನೂ ಮುಗಿದೆ. ಅವನು ಮುಗಿದದ್ದು ದೇವರಿಗೆಂದು ಆಮೇಲೆ ತಿಳಿಯಿತು.

ಟೆರಿಯರ್ ಸಾಕಬೇಕೆನ್ನುವವರು ನನ್ನ ಮಾತು ಕೇಳಿ, ಪುಕ್ಕಟೆ ಹೇಳುತ್ತಿದ್ದೇನೆ. ಬಿಲದೊಳಗೆ ಹೊಕ್ಕ ಪ್ರಾಣಿಯನ್ನು ಹೊರಗೆಳೆಯಲೆಂದೇ ಈ ಜಾತಿಯನ್ನು ಬೆಳೆಸಿದ್ದಂತೆ. ಆದ್ದರಿಂದ ಭೂಮಿಯೊಳಗೆ ಏನಾದರೂ ಇದ್ದೇ ಇದೆ ಎನ್ನುವುದು ಅದರ ನಂಬಿಕೆ; ತುಳಸಿಕಟ್ಟೆಯ ಬುಡವಾದರೂ ಸರಿ, ಕೆರೆದು ನೋಡದೆ ಬಿಡದು. ಬೆಳಗ್ಗೆ ಸಂಜೆ ಹೊಳೆ ದಂಡೆಯವರೆಗೆ ಓಡಿಸಿ. ನೀವು ಓಡಿಸದಿದ್ದರೆ ಅದು ನಿಮ್ಮನ್ನು ಓಡಿಸುತ್ತದೆ. ಪದೇ ಪದೇ ಸ್ನಾನ ಬೇಡ, ಒರಟು ಬ್ರಷ್ಷಿನಿಂದ ಮೈ ತಿಕ್ಕಿದರೆ ಸಾಕು. ಕಿವಿಯ ಮಡಿಕೆಯೊಳಗೆ ಉಣ್ಣೆಹುಳು ಕೂತಿವೆಯೇ ಎಂದು ಆಗಾಗ ನೋಡುತ್ತಿರಿ. ಮುದ್ದೆ, ಮೊಸರು ಯಾವುದಕ್ಕೂ ತಕರಾರಿಲ್ಲ. ಆದರೆ ಬೈಯಲು ಹೋಗಬೇಡಿ. ಗಿರಾಕಿ ಹೇಳುವ ಮೊದಲ ಬೆಲೆಯನ್ನು ನಾನು ಕೇಳುತ್ತೇನಲ್ಲ, ಹಾಗೆ ತಲೆ ಓರೆ ಮಾಡಿ ಪೂರ್ತಿ ಕೇಳುತ್ತದೆ, ಒಪ್ಪುವುದಿಲ್ಲ.

ಅದು ಬಂದ ಮೇಲೆ ನಮ್ಮ ಹುಲ್ಲಿನ ಕೊಟ್ಟಿಗೆಯ ಹೆಗ್ಗಣಗಳ ವಂಶ ನಿರ್ವಂಶವಾದದ್ದು ನಿಜ. ಕತ್ತು ಹಿಡಿದು ಒಂದು ಸಲ ಒದರಿದರೆ ಮುಗಿಯಿತು. ಗೌರಮ್ಮ ಅದಕ್ಕೆ ಹಾಲು ಹಾಕತೊಡಗಿದಳು, ನನ್ನ ಕಾಫಿ ತೆಳ್ಳಗಾಯಿತು. ಅದನ್ನೂ ಸಹಿಸಿದೆ. ಆದರೆ ಹೆಗ್ಗಣ ಮುಗಿದ ಮೇಲೆ, ಬಟ್ಟೆಯ ಕೆಳಗೆ ಅಲುಗುವುದೆಲ್ಲ ಹೆಗ್ಗಣವೇ ಎಂದು ಆ ನಾಯಿ ತೀರ್ಮಾನಿಸಿಬಿಟ್ಟಿತು. ಕಂಬಳಿಯೊಳಗೆ ಕಾಲಾಡಿಸಿದ ನನ್ನ ಮಾವನವರು ಅವತ್ತೇ ಊರಿಗೆ ಹೊರಟರು. ಶಲ್ಯದೊಳಗೆ ಬೆರಳೆಣಿಸುತ್ತ ಜಪಕ್ಕೆ ಕೂತಿದ್ದ ಪಕ್ಕದ ಮನೆಯ ಜೋಯಿಸರು ಮಂತ್ರ ಬಿಟ್ಟು ಬೇರೆ ಏನೇನೋ ಅಂದರು.

ಇನ್ನು ನನ್ನ ಕಸುಬು ನೋಡಿ. ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರ ಕೈಯ ಮೇಲೊಂದು ಟವೆಲ್ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತೇವೆ. ಒಂದು ಬೆರಳು ಹಿಡಿದರೆ ಇಷ್ಟು, ಎರಡು ಹಿಡಿದರೆ ಅಷ್ಟು. ಸುತ್ತ ನಿಂತವರಿಗೆ ಗುಟ್ಟು ತಿಳಿಯಬಾರದು. ನಮ್ಮ ಜಗಲಿಯಲ್ಲಿ ಟವೆಲ್ ಹೊದಿಸಿದ್ದೇ ತಡ, ಜಿಮ್ಮಿ ಹಾರಿ ಟವೆಲ್ ಎಳೆದು ಗುಟ್ಟನ್ನೆಲ್ಲ ಬೀದಿಗೆ ಹಾಕುತ್ತಿತ್ತು. ಕಟ್ಟಿಹಾಕಿದರೆ ಬೀದಿಯೇ ಕಿವಿ ಮುಚ್ಚಿಕೊಳ್ಳುವ ಹಾಗೆ ಬೊಗಳುತ್ತಿತ್ತು. "ನಂಜಪ್ಪನ ಮನೇಲಿ ಬೆರಳು ಕೊಟ್ರೆ ವಾಪಸ್ ಬರಾಕಿಲ್ಲ ಕಣ್ಲಾ" ಎಂದು ಸಂತೆಯೆಲ್ಲ ಸುದ್ದಿಯಾಗಿ, ಗಿರಾಕಿಗಳು ಬೇರೆ ದಲ್ಲಾಳಿಗಳ ಜಗಲಿ ಹತ್ತತೊಡಗಿದರು.

ಆಗ ಬಂದರು ತಿರುಮಕೂಡಲು ನರಸೀಪುರದ ಕಡೆಯ ಹೆಮ್ಮಿಗೆಯ ಚಿಕ್ಕೇಗೌಡರು, ಜೋಡಿ ಎತ್ತು ಬೇಕೆಂದು. ಜಿಮ್ಮಿಯನ್ನು ಬೀರುವಿನೊಳಗೆ ಕೂಡಿಹಾಕಿ ವ್ಯಾಪಾರ ಮುಗಿಸಿದೆ. ಗೌಡರೂ ಘಾಟಿ. "ಕೊಸರೇನ್ ಕೊಟ್ಟೀರಿ ನಂಜಪ್ನೋರೆ?" ಎಂದರು. ಆ ಪ್ರಶ್ನೆ ನನ್ನ ಕಿವಿಗೆ ಅಷ್ಟು ಇಂಪಾಗಿ ಹಿಂದೆಂದೂ ಕೇಳಿಸಿರಲಿಲ್ಲ. ಬೀರು ತೆಗೆದು ಎರಡೂ ಕೈಯಿಂದ ಎತ್ತಿಕೊಟ್ಟೆ.

ಹದಿನೈದು ದಿನ ಸುಖವಾಗಿದ್ದೆ. ಆಮೇಲೆ ಹೆಗ್ಗಣಗಳು ನೆಂಟರಿಷ್ಟರ ಸಮೇತ ಹಿಂತಿರುಗಿದವು. ಗೌರಮ್ಮ ಮಾತು ಬಿಟ್ಟಳು, ಬಿಟ್ಟರೂ ಬೀರುವಿನ ಮುಂದೆ ನಿಂತು ಬೀರುವಿಗೆ ಹೇಳುತ್ತಿದ್ದಳು: "ನಾಯಿ ಕೊಟ್ಟೋರು ನಾಳೆ ನನ್ನೂ ಕೊಸರಿಗೆ ಕೊಟ್ಟಾರು." ನನಗೇನೂ ಆಗಿರಲಿಲ್ಲ. ಹೊಳೆ ದಂಡೆಗೆ ಒಬ್ಬನೇ ಹೋಗಿ ಬರುವುದು ಬೇಸರವಾಗುತ್ತಿತ್ತು, ಅಷ್ಟೆ.

ಒಂದು ತಿಂಗಳು ತಡೆದೆ, ಆಮೇಲೆ ಬಸ್ಸು ಹಿಡಿದು ಹೆಮ್ಮಿಗೆಗೆ ಹೋದೆ. ಜಿಮ್ಮಿಯನ್ನು ಗೌಡರ ಅಂಗಳದ ಕಂಬಕ್ಕೆ ಕಟ್ಟಿದ್ದರು. ನನ್ನನ್ನು ಕಂಡು ಮೋಟು ಬಾಲ ಆಡಿಸಿತು. ನಾನು ಆ ಕಡೆ ನೋಡಲಿಲ್ಲ. ಬೇಕಾದದ್ದನ್ನು ನೋಡಬಾರದು, ವ್ಯಾಪಾರದ ಮೊದಲ ಪಾಠ. ವಿಷಯ ಹೇಳಿದೆ.

"ಕೊಸರು ಕೊಟ್ಟು ವಾಪಸ್ ಕೇಳೋರ್ನ ನಮ್ಮಳ್ಳೀಲಿ ಇದೇ ಮೊದಲು ನೋಡ್ತಿರಾದು" ಎಂದು ಗೌಡರು ನಕ್ಕರು. "ನಮ್ ಕಣಜದ ಇಲಿಯೆಲ್ಲ ಖಾಲಿ ಮಾಡೈತೆ ಕಣ್ರೀ. ಬಿಟ್ಟಿ ಕೊಡಾಕಿಲ್ಲ. ಹಾಕಿ ಟವೆಲ್ಲ."

ಹಾಕಿದೆ. ಜಗಲಿಯಲ್ಲಿ ಊರಿನ ನಾಲ್ಕು ಜನ ಕೂತಿದ್ದರು. "ಬೀದಿ ತುಂಬ ನಾಯಿ ಬಿದ್ದಿವೆ ಗೌಡ್ರೇ. ಈ ಮೋಟು ಬಾಲದ ಮೂಳಕ್ಕೆ ಯಾರು ದುಡ್ಡು ಕೊಡ್ತಾರೆ? ಮನೆಯೋಳ ಕಾಟ ಅಂತ ಬಂದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೇಳುತ್ತಿದ್ದಂತೆ ಕಂಬದ ಕಡೆಯಿಂದ ಪಟ್ಟೆಂದು ಹಗ್ಗ ಹರಿದ ಸದ್ದು. ಜಿಮ್ಮಿ ಒಂದೇ ನೆಗೆತಕ್ಕೆ ಜಗಲಿ ಹತ್ತಿ, ಟವೆಲ್ ಕಚ್ಚಿ, ಒದರಿ, ಅಂಗಳಕ್ಕೆಸೆಯಿತು.

ಎಲ್ಲರೂ ನಮ್ಮ ಕೈ ನೋಡಿದರು. ಗೌಡರ ಐದೂ ಬೆರಳು ನನ್ನ ಮುಷ್ಟಿಯೊಳಗಿದ್ದವು.

"ಅಯ್ಯೋ ಶಿವನೇ, ಐದೂ ಇಡ್ಕಂಡವ್ರಲ್ಲಪ್ಪ!" ಎಂದರು ಬಾಗಿಲಲ್ಲಿ ನಿಂತಿದ್ದ ಗೌಡರ ತಾಯಿ.

ಗೌಡರು ಬೆರಳು ಬಿಡಿಸಿಕೊಳ್ಳಲಿಲ್ಲ. "ನಾನು ಎರಡಕ್ಕೇ ಒಪ್ಕಳಾವ್ನು ನಂಜಪ್ನೋರೆ. ಆದ್ರೂ ದೊಡ್ಡ ವ್ಯಾಪಾರಸ್ಥರು ನೀವು, ನಿಮ್ಮಾತ ತಗ್ಗಿಸಬಾರ್ದು. ಐದೇ ಇರ್ಲಿ."

ಬಸ್ಸಿನುದ್ದಕ್ಕೂ ಅದಕ್ಕೆ ಬೈದೆ. ತೊಡೆಯ ಮೇಲೆ ಕೂತು ತಲೆ ಓರೆ ಮಾಡಿ ಪೂರ್ತಿ ಕೇಳಿತು. ಮನೆ ಬಾಗಿಲಲ್ಲಿ ಗೌರಮ್ಮ ಅದನ್ನೆತ್ತಿಕೊಂಡು, ತಿಂಗಳಿಂದ ಬಿಟ್ಟಿದ್ದ ಮಾತನ್ನು ಮತ್ತೆ ಶುರು ಮಾಡಿದಳು.

"ಏನೂಂದ್ರೆ, ಗೌಡ್ರ ಹತ್ರ ಕೊಸರು ಏನ್ ಇಸ್ಕೊಂಡ್ರಿ?"

ನಾನು ಖಾಲಿ ಕೈ ತೋರಿಸಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಒಳಗೆ ಹೋಗಿ ಕಷಾಯಕ್ಕೆ ನೀರಿಟ್ಟಳು.