ಮಂದಿ ಇಲ್ಲದ ರಸ್ತ್ಯಾಗ ಒಂದು ಸೈಕಲ್ಲು

ಸೈಕಲ್ ಹತ್ತಿ ಕೊಪ್ಪಳ ದಾಟಿದೆ ಅಂದ್ರ ಏನಾರ ಒಂದು ಆಗೇ ಆಗತೈತಿ. ಇವತ್ತು ಸುಮ್ನ ಹೋಗಿ ಸುಮ್ನ ಬರೂದು ಅಂತ ಎಷ್ಟ ಗಟ್ಟಿ ಮನಸ್ಸು ಮಾಡಿದ್ರೂ ಆಗತೈತಿ. ಮನ್ಯಾಗ ಹೇಳಂಗಿಲ್ಲ, ಹೇಳದಿದ್ರ ಹೊಟ್ಟಿ ಉಬ್ಬತೈತಿ, ಅದಕ್ಕ ನಿಮ್ಮ ಮುಂದ ಹೇಳಾಕ ಹತ್ತೀನಿ.

ನಂದು ಬಟ್ಟಿ ಅಂಗಡಿ. ವರ್ಷಾನುಗಟ್ಟಲೆ ಗಾದಿ ಮ್ಯಾಲೆ ಕುಂತು ಸೀರಿ ಮಡಿಕಿ ಬಿಚ್ಚಿ, ಮತ್ತ ಮಡಚಿ ಇಟ್ಟು, ಹ್ವಾದ ವರ್ಷ ಒಂದಿನ ಎದಿ ಹಿಡಕೊಂಡು ಕುಂತಬಿಟ್ಟೆ. ಡಾಕ್ಟರ್ರು ನೋಡಿ, "ಅಂಥಾದ್ದೇನಿಲ್ಲ, ಆದ್ರ ಈ ಹೊಟ್ಟಿ ಇಳೀಬೇಕು. ಸೈಕಲ್ ತುಳೀರಿ" ಅಂದ್ರು. ಅದ ಹೊತ್ತಿಗೆ ಮೊಬೈಲ್‌ನ್ಯಾಗ ಒಂದು ವಿಡಿಯೋ ಬಂತು. ಫ್ರಾನ್ಸ್ ದೇಶದ ಹಳ್ಳಿಗಾಡು. ಸುಣ್ಣಕಲ್ಲಿನ ಗುಡ್ಡ, ಸುಣ್ಣಕಲ್ಲಿನ ಮನಿ, ನಡುವ ಸಣ್ಣ ಡಾಂಬರು ರಸ್ತೆ. ಒಬ್ಬಾಂವ ಸೈಕಲ್ ತುಳಕೋತ ಹೊಂಟಾನ. ಅರ್ಧ ತಾಸು ನೋಡಿದೆ, ಅವನ್ನ ಒಬ್ರೂ 'ಎಲ್ಲಿಗೆ ಹೊಂಟಿ' ಅಂತ ಕೇಳಲಿಲ್ಲ. ನನಗ ಭಾಳ ಹಿಡಿಸಿತು. ನಮ್ಮ ಜಿಲ್ಲಾದಾಗ ಕಲ್ಲಿಗೇನು ಬರ, ಸಣ್ಣ ರಸ್ತೆಗೇನು ಬರ ಅಂತ ಒಂದು ಗೇರ್ ಸೈಕಲ್ ತಂದಬಿಟ್ಟೆ.

ನಮ್ಮ ಮನ್ಯಾಕಿ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ್ಳು. "ಮಂದಿ ಇಲ್ಲದ ರಸ್ತ್ಯಾಗ ಎಲ್ಲ್ಯರ ಎದಿ ಹಿಡಕೊಂಡು ಬಿದ್ರ ನೋಡೋರು ಯಾರು?" ಅಂದ್ಳು. ಆಮ್ಯಾಲೆ ಕಣ್ಣು ಒರಸಿಕೊಂಡು ಕಾಯ್ದೆ ಮಾಡಿದ್ಳು: "ನಿಮ್ಮ ಬಗ್ಗೆ ಒಂದ ಒಂದು ಫೋನ್ ಮನಿಗೆ ಬಂತಂದ್ರ, ಈ ಸೈಕಲ್ ಅವತ್ತ ತಾವರಗೇರಾದಾಗ ನಮ್ಮ ತಮ್ಮನ ಮನಿ ಸೇರತೈತಿ." ಅಕಿ ಅಂದ್ರ ಅಂದಂಗ ಮಾಡಾಕಿ. ಅವತ್ತಿನಿಂದ ನಾ ಸೈಕಲ್ ಹತ್ತಿದಾಗೆಲ್ಲ ಆ ಫೋನಿನ ಅಂಜಿಕಿ ಬೆನ್ನಿಗೆ ಇರತಿತ್ತು.

ಎಲ್ಲಿಗೆ ಹೊಂಟಿದ್ರಿ

ಅಳವಂಡಿ ಕಡೆ ಒಂದು ಒಳರಸ್ತೆ ಐತಿ. ಎರಡೂ ಕಡೆ ಎರಿ ಹೊಲ, ಜ್ವಾಳ ಎದಿಮಟ ನಿಂತಿತ್ತು. ಗಾಳಿ ಬೀಸಿದ್ರ ಇಡೀ ಹೊಲ ಒಂದ ಸಲ ತಲಿ ಬಾಗಸತಿತ್ತು. ಹುಟ್ಟಿದಾಗಿಂದ ಇದ ಜಿಲ್ಲಾದಾಗ ಅದೀನಿ, ಇದನ್ನ ನೋಡೇ ಇಲ್ಲಲ್ಲ ಅಂತ ಮೈ ಝುಮ್ಮಂತು. ಸೈಕಲ್ ನಿಲ್ಲಿಸಿ ನೋಡಕೋತ ನಿಂತೆ.

ನಮ್ಮ ಕಡೆ ರಸ್ತೆ ಖಾಲಿ ಇರೂದು ನೀವು ಹೊಂಟಿರೋತನಕ ಅಷ್ಟ. ನಿಂತ್ರ ಮುಗೀತು, ಎಲ್ಲಿಂದರ ಒಬ್ರು ಬಂದ ಬರತಾರ. ಒಂದು ಟಂಟಂ ಆಟೋ ಬಂದು ನಿಂತಿತು, ಹಿಂದ ತುಂಬ ಆಡು.

"ಪಂಚರ್ ಏನ್ರಿ ಸಾವ್ಕಾರ್ರ?"

"ಇಲ್ಲಪಾ."

"ಚೈನ್ ಕಡೀತೇನು?"

"ಇಲ್ಲ, ಸುಮ್ನ ನಿಂತೀನಿ."

"ಸುಮ್ನ ಯಾರರ ನಿಲ್ಲತಾರೇನ್ರಿ? ಸಂಕೋಚ ಮಾಡಬ್ಯಾಡ್ರಿ" ಅಂತ ಇಳದು ಬಂದು ಸೈಕಲ್ ಎತ್ತಿ ಟಪ್ಪಿನ ಮ್ಯಾಲೆ ಒಗದ, ನನ್ನ ರಟ್ಟಿ ಹಿಡದು ಆಡಿನ ನಡುವ ಕುಂದ್ರಿಸಿದ. ಬ್ಯಾಡಂದ್ರ ಕೇಳಬೇಕಲ್ಲ. ದಾರ್ಯಾಗ ಒಂದು ಆಡು ನನ್ನ ಹೆಲ್ಮೆಟ್ಟಿನ ಪಟ್ಟಿ ತಿನ್ನಾಕ ಸುರು ಮಾಡ್ತು. ಪುಣ್ಯಾತ್ಮ ಸೀದಾ ಕೊಪ್ಪಳದ ಸಂತ್ಯಾಗ ತಂದು ನಿಲ್ಲಿಸಿದ. ನಾ ಬೆಳಿಗ್ಗೆ ಮನಿ ಬಿಟ್ಟಿದ್ದು ಆ ಸಂತಿ ಪಕ್ಕದ ಓಣ್ಯಾಗಿಂದನ. ಇಳಸೂವಾಗ ಕೇಳಿದ:

"ಅಂದಂಗ, ನೀವು ಎಲ್ಲಿಗೆ ಹೊಂಟಿದ್ರಿ?"

"ಎಲ್ಲಿಗೂ ಇಲ್ಲಪಾ."

"ಹಂಗಾದ್ರ ಸರಿಯಾಗೇ ಬಂದೇವಿ, ಇಳೀರಿ."

ತೂಕ

ಯಲಬುರ್ಗಾ ಕಡೆ ಸಣ್ಣ ರಸ್ತೆ ಅಂದ್ರ ಸುಗ್ಗ್ಯಾಗ ಅದ ಕಣ. ಹುರುಳಿ ಕಿತ್ತು ತಂದು ಡಾಂಬರಿನ ಮ್ಯಾಲೆ ಹರವತಾರ, ಗಾಡಿಗೋಳು ಹಾದು ಹಾದು ಕಾಳು ಉದುರಸ್ತಾವ. ಒಬ್ಬ ಅಜ್ಜಿ ಹಂಗ ಹರವಿ ಬೇವಿನ ಗಿಡದ ಬುಡಕ್ಕ ಕುಂತಿದ್ಳು. ಅನ್ನ ತುಳೀಬಾರದು ಅಂತ ನಾ ಇಳದು ಸೈಕಲ್ ಹೆಗಲ ಮ್ಯಾಲೆ ಹೊತ್ತುಕೊಂಡು ರಸ್ತೆ ದಂಡಿಗೆ ನಡದೆ.

"ಯಾಕೋ ಯಪ್ಪಾ, ಅದನ್ನ ನೀನ ಹೊತಗೊಂಡು ಹೊಂಟಿ? ಮ್ಯಾಲೆ ಹಾಯಿಸಿಕೊಂಡು ಹೋಗು, ನನಗೂ ಉಪಕಾರ ಆಗತೈತಿ" ಅಂದ್ಳು.

ಹಾಯಿಸಿದೆ. ಅಜ್ಜಿ ಎದ್ದು ಬಂದು ಬಗ್ಗಿ ನೋಡಿದ್ಳು. ಒಂದು ಕಾಯಿನೂ ಒಡದಿರಲಿಲ್ಲ. "ಇನ್ನೊಮ್ಮೆ ಬಾ" ಅಂದ್ಳು. ಹಿಂದಕ್ಕ ಬಂದೆ, ಮುಂದಕ್ಕ ಹ್ವಾದೆ. ಬೆವರು ಇಳೀತು, ಹುರುಳಿ ಹಂಗ ಇತ್ತು. ಅಷ್ಟರಾಗ ಒಂದು ಲಾರಿ ಬಂದು ಒಂದ ಸಲಕ್ಕ ಎಲ್ಲಾ ಬಡದು ಹೋತು.

ಅಜ್ಜಿ ನನ್ನ ಕಡೆ ಮರುಕದಿಂದ ನೋಡಿ, ಬುತ್ತಿ ಬಿಚ್ಚಿ ಸಜ್ಜಿರೊಟ್ಟಿ, ಶೇಂಗಾ ಚಟ್ನಿ ಕೈಯಾಗ ಇಟ್ಟಳು. ಗುರುತು ಇಲ್ಲ, ಪರಿಚಯ ಇಲ್ಲ, ತನ್ನ ಊಟದಾಗ ಅರ್ಧ ನನಗ ಕೊಟ್ಟಳು. ಅಕಿ ಅಂದ್ಳು, "ತಿನ್ನು ಮಗನ. ನಿನ್ನ ಮೈಯಾಗ ತೂಕನ ಇಲ್ಲ."

ಇಡೀ ವರ್ಷದಾಗ ನನಗ ಹಂಗಂದಾಕಿ ಅಕಿ ಒಬ್ಬಾಕಿನ. ಡಾಕ್ಟರ್ ಮುಂದ ಹೇಳಿದೆ, ಅವರು ಒಪ್ಪಲಿಲ್ಲ.

ಖರೇ ಪಂಚರ್

ಹಿಂಗ ತಿಂಗಳಾನುಗಟ್ಟಲೆ ಮಂದಿ ನಿಂತು ನಿಂತು 'ಪಂಚರ್ ಏನ್ರಿ' ಅಂತ ಕೇಳಿದ್ರು. ಒಂದಿನ ಅದ ಅಳವಂಡಿ ರಸ್ತ್ಯಾಗ ಖರೇನ ಪಂಚರ್ ಆತು. ನನಗೇನು ಚಿಂತಿ ಇರಲಿಲ್ಲ, ಯಾರರ ಬಂದ ಬರತಾರ ಅಂತ ಸೈಕಲ್ ಹಿಡಕೊಂಡು ಹೊಲದ ಕಡೆ ಮುಖ ಮಾಡಿ ನಿಂತೆ.

ಇಬ್ರು ಮೋಟರ್ ಸೈಕಲ್ ಮ್ಯಾಲೆ ಬಂದ್ರು. ಹಿಂದ ಕುಂತಾಂವ ಮುಂದಿನವನಿಗೆ ಸಣ್ಣ ಧ್ವನ್ಯಾಗ, "ಹಾರ್ನ್ ಹೊಡೀಬ್ಯಾಡಲೇ, ಸಾವ್ಕಾರ್ರು ನೋಡಾಕ ಹತ್ಯಾರ" ಅಂದ. ಕೈ ಮುಗದು ಹಾದು ಹ್ವಾದ್ರು. ಎಮ್ಮಿ ಹೊಡಕೊಂಡು ಬಂದಾಕಿ ಒಬ್ಬಾಕಿ ಎಮ್ಮಿನ್ನ ಆ ದಂಡಿಗೆ ಸರಿಸಿ, ಸಪ್ಪಳ ಆಗದಂಗ ನಡದ್ಳು. ಸುತ್ತಿನ ಊರಾಗೆಲ್ಲ ಸುದ್ದಿ ಮುಟ್ಟಿತ್ತು: ಕೊಪ್ಪಳದ ಬಟ್ಟಿ ಅಂಗಡಿಯವರು ಹೊಲ, ಗುಡ್ಡ, ಕಲ್ಲು ನೋಡತಾರ, ಅವರಿಗೆ ತ್ರಾಸ ಕೊಡಬಾರದು.

ಕಡೀಕ ಆಡಿನ ಟಂಟಂನಾಂವ ಬಂದ. ನನ್ನ ಕಂಡು ಇಂಜಿನ್ ಬಂದ್ ಮಾಡಿ, ಇಳಕಲಿನಾಗ ಮೆಲ್ಲಕ ಉರುಳಿಸಿಕೊಂಡು ಹೊಂಟ. ಕೈ ಬೀಸಿ, "ಏ ತಮ್ಮಾ, ಪಂಚರ್ ಆಗೇತಿ" ಅಂದೆ.

"ಚ್ಯಾಷ್ಟಿ ಮಾಡಬ್ಯಾಡ್ರಿ ಸಾವ್ಕಾರ್ರ" ಅಂತ ನಕ್ಕ. "ನೋಡ್ರಿ, ನೋಡ್ರಿ. ನಾ ಏನ ತೊಂದರಿ ಕೊಡಂಗಿಲ್ಲ."

ಸೈಕಲ್ ನೂಕಿಕೊಂಡು ಊರು ಮುಟ್ಟೂದರಾಗ ಮಧ್ಯಾಹ್ನ ಆಗಿತ್ತು. ಮನ್ಯಾಕಿಗೆ 'ಎದರು ಗಾಳಿ ಇತ್ತು' ಅಂದೆ. ಫೋನ್ ಅಂತೂ ಹೋಗಿರಲಿಲ್ಲ, ಸೈಕಲ್ ಉಳೀತು.

ಬಂಡೆಗಲ್ಲಿನ ಮ್ಯಾಲೆ

ನಮ್ಮ ಮನ್ಯಾಕಿ ತಂಗಿಯ ಮನಿ ಗಂಗಾವತ್ಯಾಗ ಐತಿ. ಆ ತಂಗಿ ಮಗಳ ಕುಬಸಕ್ಕ ಹೋಗಿದ್ವಿ. ಕಾರಿನ ಮ್ಯಾಲೆ ಸೈಕಲ್ ಕಟಗೊಂಡು ಹೋಗಿದ್ದೆ. ಹೆಣ್ಮಕ್ಕಳೆಲ್ಲ ಬಸುರಿಗೆ ಹಸರು ಸೀರಿ ಉಡಸೂದ್ರಾಗ ಇದ್ರು, 'ಒಂದು ಸುತ್ತು ಬರತೀನಿ' ಅಂತ ಹೇಳಿ ಹೊಂಟೆ.

ಗಂಗಾವತಿ ದಾಟಿ ಕಾಲುವಿ ದಂಡಿ ರಸ್ತೆ ಹಿಡದೆ. ಏನ ಹೇಳಲಿ. ಒಂದು ಕಡೆ ಹಸರು ಭತ್ತದ ಗದ್ದಿ, ಇನ್ನೊಂದು ಕಡೆ ಕಲ್ಲಿನ ಗುಡ್ಡ. ಒಂದರ ಮ್ಯಾಲೊಂದು ಮನಿಯಷ್ಟು ದೊಡ್ಡ ದೊಡ್ಡ ಗುಂಡು. ಕೆಳಗಿನ ಕಲ್ಲು ಸಣ್ಣದು, ಮ್ಯಾಲಿಂದು ದೊಡ್ಡದು. ಈಗ ಬಿತ್ತು, ಈಗ ಬಿತ್ತು ಅನಸತೈತಿ, ನಮ್ಮ ಅಜ್ಜನ ಅಜ್ಜ ನೋಡಿದಾಗಿಂದ ಬಿದ್ದಿಲ್ಲ. ಬೆಳಗಿನ ಬಿಸಲಾಗ ಅವೆಲ್ಲ ಬಂಗಾರದ ಬಣ್ಣಕ್ಕ ತಿರುಗಿದ್ವು. ಫ್ರಾನ್ಸಿನ ಸುಣ್ಣಕಲ್ಲು ನನಗ ಮರತ ಹೋತು. ನಿಂತಲ್ಲೇ ಕಣ್ಣಾಗ ನೀರು ಬಂತು. ಎದಿ ನೋವು ಬಂದು ಆವತ್ತ ಹೋಗಿದ್ರ ಇದನ್ನ ನೋಡದನ ಹೋಗತಿದ್ನಲ್ಲ ಅನಸ್ತು.

ಸೈಕಲ್ ಕೆಳಗ ಮಲಗಿಸಿ, ಒಂದು ಚಪ್ಪಟಿ ಬಂಡೆಗಲ್ಲು ಹತ್ತಿ ಅಂಗಾತ ಮಲಗಿದೆ. ಕಲ್ಲು ಬೆಚ್ಚಗಿತ್ತು. ಬಿಸಲು ಕಣ್ಣಿಗೆ ಹೊಡೀತು ಅಂತ ಹೆಲ್ಮೆಟ್ ಮಾರಿ ಮ್ಯಾಲೆ ಇಟಗೊಂಡೆ. ನಿದ್ದಿ ಹತ್ತಿಬಿಟ್ತು.

ಮುಂದಿನದು ನನಗ ಆಮ್ಯಾಲೆ ಗೊತ್ತಾಗಿದ್ದು. ಊಟಕ್ಕ ಬರ್ರಿ ಅನ್ನಾಕ ಮನ್ಯಾಕಿ ಫೋನ್ ಮಾಡ್ಯಾಳ. ಫೋನ್ ಸೈಕಲ್ಲಿನ ಚೀಲದಾಗ ಇತ್ತು. ಗದ್ದಿ ಮಾಡೋ ಒಬ್ಬ ರೈತ ಎತ್ತಿ, "ಅಮ್ಮಾ, ಇಲ್ಲಿ ಸೈಕಲ್ ಬಿದ್ದೈತ್ರಿ. ಕಲ್ಲಿನ ಮ್ಯಾಲೆ ಒಬ್ರು ಮಲಗ್ಯಾರ, ಮುಖ ಮುಚ್ಚೈತಿ, ಅಲಗಾಡವಲ್ರು" ಅಂದಾನ.

ನಾ ಎಚ್ಚರಾದಾಗ ಸುತ್ತ ಹತ್ತಿಪ್ಪತ್ತು ಮಂದಿ ಟವಲ್ ತಲಿ ಮ್ಯಾಲೆ ಹಾಕ್ಕೊಂಡು ಸುಮ್ನ ಕುಂತಿದ್ರು. ಹೆಲ್ಮೆಟ್ ತಗದು ಎದ್ದು ಕುಂತೆ. ಆ ರೈತ ನನ್ನ ನೋಡಿ, "ಎದ್ರ್ಯಾ? ಆ್ಯಂಬುಲೆನ್ಸಿಗೆ ಹೇಳಿಬಿಟ್ಟೇವಲ್ರಿ ನಾವು" ಅಂದ. ಅವನ ಮುಖ ನೋಡಿ ನನಗ ತಪ್ಪು ಮಾಡಿದಂಗ ಆತು.

ಅಷ್ಟರಾಗ ಒಂದು ಆಟೋ ತುಂಬ ಇಳಕಲ್ ಸೀರಿ ಉಟ್ಟ ಹೆಣ್ಮಕ್ಕಳು ಬಂದ್ರು. ನಮ್ಮ ಮನ್ಯಾಕಿ ಚಪ್ಪಲಿ ಇಲ್ಲದ ಕಾಲಾಗ ಬಂಡೆಗಲ್ಲು ಹತ್ತಿ ಬಂದು, ನನ್ನ ಮಾರಿ, ಎದಿ, ಕೈ ಎಲ್ಲಾ ಮುಟ್ಟಿ ನೋಡಿದ್ಳು. ಆಮ್ಯಾಲೆ ನನ್ನ ಪಕ್ಕ ಧಪ್ಪಂತ ಕುಂತ್ಳು. ಬೈತಾಳ ಅಂತ ನಾ ಕಾದೆ, ಬೈಲಿಲ್ಲ. ಗುಡ್ಡದ ಕಡೆ ನೋಡಕೋತ ಕುಂತ್ಳು.

ಆ್ಯಂಬುಲೆನ್ಸ್ ಬಂತು. ಬಂದಾಂವ, "ಬಂದೇವಿ, ನೋಡೇ ಹೋಗತೀವಿ" ಅಂತ ನನ್ನ ಬಿಪಿ ನೋಡಿದ. "ಹುಡುಗರ ಬಿಪಿ ಇದ್ದಂಗ ಐತ್ರಿ" ಅಂದ. ಮನ್ಯಾಕಿ ಏದುಸಿರು ನೋಡಿ ಅಕಿ ರಟ್ಟಿಗೂ ಪಟ್ಟಿ ಕಟ್ಟಿದ. ಮಶಿನ್ ನೋಡಿದ, ಅಕಿನ್ನ ನೋಡಿದ, ಮತ್ತ ಮಶಿನ್ ನೋಡಿದ. "ಅಮ್ಮಾ, ನೀವು ಹತ್ತ್ರಿ" ಅಂದ.

ಹಿಂಗಾಗಿ ಎದಿ ನೋವಿನ ನಾನು ಸೈಕಲ್ ಮ್ಯಾಲೆ ಹಿಂದ, ಗಟ್ಟಿಮುಟ್ಟ ಇದ್ದಾಕಿ ಆ್ಯಂಬುಲೆನ್ಸಿನಾಗ ಮುಂದ. ಗಂಗಾವತಿ ದವಾಖಾನಿಯ ಡಾಕ್ಟರ್ರು ಗುಳಿಗಿ ಕೊಟ್ಟು, "ಗಾಬರಿಗೆ ಏರೇತಿ, ಇಳೀತೈತಿ. ಆದ್ರ ಇನ್ನ ಮ್ಯಾಲೆ ನೀವೂ ಮೈ ಬಳಸಬೇಕು. ಯಜಮಾನ್ರಂಗ ಸೈಕಲ್ ತುಳೀರಿ" ಅಂದ್ರು.

ನನ್ನ ಜೀವ ಚುರ್ ಅಂತು. ಅಕಿ ಮಂಚದ ಪಕ್ಕ ಕುಂತು, "ನನ್ನಿಂದ ನಿನಗ ಹಿಂಗಾತು. ಸೈಕಲ್ ನಾಳೇನ ತಾವರಗೇರಾಕ್ಕ ಕಳಸತೀನಿ" ಅಂದೆ. ಖರೇನ ಕಳಸೂದು ಅಂತ ಮನಸ್ಸು ಮಾಡಿದ್ದೆ.

ಅಕಿ ಎದ್ದು ಕುಂತು ಸೆರಗು ಸರಿ ಮಾಡಿಕೊಂಡ್ಳು. ಆಮ್ಯಾಲೆ ಅಂದ್ಳು, "ಮಂದಿ ಇಲ್ಲದ ರಸ್ತೆ ಅಂತೀರಿ, ಒಂದು ಜಾತ್ರಿ ಮಂದಿ ಕಾವಲು ಕುಂತಿದ್ರು. ಕಳಸೂದೇನ ಬ್ಯಾಡ. ಅದಕ್ಕ ಹಿಂದ ಒಂದು ಗಟ್ಟಿ ಕ್ಯಾರಿಯರ್ ಹಾಕಸ್ರಿ."

"ಡಾಕ್ಟರ್ರು ನಿನಗ ತುಳಿ ಅಂದಾರ" ಅಂದೆ.

"ತುಳಿಯೂದು ನೀವ ತುಳೀರಿ. ನಾ ಹಿಂದ ಕುಂತು ಕಲ್ಲು ನೋಡತೀನಿ."